ವಲ್ಲಿ ಹಾಕಿದ ಜಾಗ

ಶಹಾಪುರದ ಬಸ್ ನಿಲ್ದಾಣದಲ್ಲಿ ಸೀಟಿನ ಒಡೆತನ ಬಹಳ ಸುಲಭ. ಬಸ್ಸು ನಿಲ್ಲುವ ಮೊದಲೇ ಹೆಗಲ ಮೇಲಿನ ವಲ್ಲಿಯನ್ನು ಕಿಟಕಿಯಿಂದ ಒಳಗೆ ಎಸೆದರೆ ಆಯಿತು. ಆ ಬೆವರಿನ ಟವೆಲ್ಲಿಗಿರುವ ಮರ್ಯಾದೆ ಕೂಸು ಹೊತ್ತು ನಿಂತವಳಿಗೂ ಇಲ್ಲ. ವಲ್ಲಿ ಬೀಳದ ಜಾಗವೆಲ್ಲ ಖಾಲಿ ಎಂಬುದು ನಮ್ಮ ಗಂಡಸರ ನಂಬಿಕೆ. ಕಂಪ್ಯೂಟರಿನೊಳಗೂ ಇದೇ ಕಾಯಿದೆ ಎಂದು ನನಗೆ ಮೊನ್ನೆ ರವಿವಾರ ತಿಳಿಯಿತು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಮನೆಯ ಹಳೆಯ ಕಂಪ್ಯೂಟರು ವಿಂಡೋಸ್ ಹೊತ್ತು ಏದುಸಿರು ಬಿಡುತ್ತಿದೆಯೆಂದು, ಪಕ್ಕದಲ್ಲೇ ಲಿನಕ್ಸ್ ಎಂಬ ಹಗುರ ವ್ಯವಸ್ಥೆಯನ್ನೂ ಕೂರಿಸಲು ಹೊರಟರು. ಎರಡೂ ಇರಬೇಕಾದರೆ ಹಾರ್ಡ್ ಡಿಸ್ಕನ್ನು ಪಾಲು ಮಾಡಬೇಕಂತೆ. ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಒಗ್ಗರಣೆ ಇಳಿಸಿ ಹೊರಗೆ ಬಂದೆ. ಈ ಸೀಮೆಯಲ್ಲಿ ಆ ಮಾತೆದ್ದಾಗ ಅಡುಗೆಮನೆಯಲ್ಲೇ ಉಳಿಯುವವಳು ಪೆದ್ದಿ.

"ಡಿ ಡ್ರೈವ್ ಅಳಸಾಕತ್ತೀನಿ. ಖಾಲಿ ಅದ," ಎಂದರು.

"ತೆಗದು ನೋಡೀರೇನು?"

"ನೋಡೂದೇನದ? ನ್ಯೂ ಫೋಲ್ಡರ್ ಅಂತ ಒಂದು ಬಿದ್ದದ. ಹೆಸರೂ ಇಟ್ಟಿಲ್ಲ ಯಾರೂ."

ಆ ಹೆಸರಿಲ್ಲದ್ದರೊಳಗೆ ನಮ್ಮತ್ತೆ ಜೋಳ ಬೀಸುವಾಗ ಹಾಡುತ್ತಿದ್ದ ಪದಗಳಿದ್ದವು. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಪದಗಳು ಅತ್ತೆಯ ಬಾಯಲ್ಲಷ್ಟೇ ಉಳಿದವು. ಅವರಿಗೆ ಹಲ್ಲಿದ್ದಾಗಲೇ ಮೊಬೈಲಿನಲ್ಲಿ ಹಿಡಿದು ಅಲ್ಲಿ ಹಾಕಿಟ್ಟಿದ್ದೆ. ಈಗ ಹಾಡಿದರೆ ಮಾತಿಗಿಂತ ಗಾಳಿಯೇ ಹೆಚ್ಚು. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ನನಗೆ ಸಿಟ್ಟು ಬಂದದ್ದು ಹಾಡಿಗಾಗಿ ಮಾತ್ರವಲ್ಲ. ಕಾಲುವೆಗೆ ಅಳತೆ ಮಾಡಲು ಬಂದವರೂ, ಅತ್ತೆ ಪುಂಡಿಪಲ್ಯ ಬೆಳೆಯುತ್ತಿದ್ದ ಬದುವನ್ನು ಖಾಲಿ ಜಾಗ ಎಂದೇ ಕರೆದಿದ್ದರಂತೆ. ಗಂಡಸು ಉತ್ತರೆ ಹೊಲ. ಹೆಂಗಸು ಕೂಡಿಟ್ಟರೆ ಖಾಲಿ.

"ಹೊಲ ತಿರುಗಾಡಿ ನೋಡ್ಲಾರ್ದ ಬಾಂದಗಲ್ಲು ಹಾಕಾಕ ಹೊಂಟೀರಲ್ಲ," ಎಂದು ಮೌಸ್ ಕಸಿದುಕೊಂಡು ಪದ ಹಚ್ಚಿದೆ.

ಪಡಸಾಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅತ್ತೆಯ ಕೈ ನಿಂತಿತು. "ಯಾರ ಆಕಿ? ಛಲೋ ಹಾಡ್ತಾಳ. ಆದ್ರ ಸೊಕ್ಕು ಭಾಳ ಅದ ನೋಡು."

ಪದ ಮುಗಿದ ಮೇಲೆ ಇವರು ಎಲ್ಲವನ್ನೂ ಮೊದಲು ಪೆನ್‌ಡ್ರೈವಿಗೆ ದಾಟಿಸಿದರು. ಆಮೇಲೆ ಸಿ ಡ್ರೈವಿನಲ್ಲಿ ತಾವು ತುಂಬಿಕೊಂಡಿದ್ದ ಸಿನಿಮಾಗಳನ್ನು ಅಳಿಸಿ, ಅದನ್ನೇ ಕುಗ್ಗಿಸಿ ಲಿನಕ್ಸಿಗೆ ಜಾಗ ಬಿಟ್ಟುಕೊಟ್ಟರು.

"ಇನ್ನಾದ್ರೂ ಆ ಫೋಲ್ಡರಿಗೆ ಒಂದು ಹೆಸರಿಡು. ಅವ್ವನ ಪದ ಅಂತ ಬರಿ," ಎಂದರು.

ಹಾಗೆ ಬರೆದರೆ ನಾಳೆ ಇನ್ಯಾರ ಕಣ್ಣಿಗೋ ಅದೂ ಖಾಲಿಯಾಗಿಯೇ ಕಂಡೀತು. ನಮ್ಮ ಕಡೆಯ ಗಂಡಸರಿಗೆ ಒಂದೇ ನೋಟಕ್ಕೆ ಅರ್ಥವಾಗುವ ಹೆಸರನ್ನೇ ಇಟ್ಟೆ: ವಲ್ಲಿ.