ತಿಪ್ಪೆಯಲ್ಲಿ ಸಿಕ್ಕ ಗೆಳೆಯ

ಇವತ್ತು ತೆಂಗಿನ ಬುಡಕ್ಕೆ ಗೊಬ್ಬರ ಹಾಕೋಣವೆಂದು ತಿಪ್ಪೆ ಕೆದಕಿದೆ. ಹಳೆಯ ಗೊಬ್ಬರದ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಗೌರತ್ತೆ ನೆನಪಾದಳು.

ಗೌರತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು, ಮಾತು ಕಡಿಮೆ. ತೋಟಕ್ಕೆ ಔಷಧಿ ಹೊಡೆಯಲು ಬಿಡುತ್ತಿರಲಿಲ್ಲ. ತಿಪ್ಪೆ ತಿರುವಿ, ಹೆಬ್ಬೆರಳು ಗಾತ್ರದ ಬಿಳಿ ಹುಳುಗಳನ್ನು ಆರಿಸಿ ಕೋಳಿಗೆ ಎಸೆಯುತ್ತಿದ್ದಳು. ಬಿಟ್ಟರೆ ಅವೇ ದುಂಬಿಯಾಗಿ ತೆಂಗಿನ ಸುಳಿ ಕೊರೆಯುತ್ತವೆ.

ನಮ್ಮದು ತೋಟದ ಒಂಟಿ ಮನೆ. ಆಡಲು ಯಾರೂ ಇಲ್ಲದ ನಾನು ಅಂಥದೊಂದು ಹುಳುವನ್ನು ಗೊಬ್ಬರದ ಸಮೇತ ಡಬ್ಬಿಯಲ್ಲಿಟ್ಟು ಸಾಕಿದ್ದೆ. ಶಾಲೆಯ ಸುದ್ದಿಯನ್ನೆಲ್ಲ ಅದಕ್ಕೇ ಹೇಳುತ್ತಿದ್ದೆ. ಒಂದು ದಿನ ಅತ್ತೆ ಕೇಳಿಸಿಕೊಂಡಳು.

“ಯಾರ್ ತಾವಲಾ ಮಾತು? ಅಯ್ಯೋ, ಮರ ತಿನ್ನೋನ್ನೇ ಸಾಕ್ಕೊಂಡಿದ್ದೀಯಲ್ಲಾ! ಕೋಳಿಗೆ ಹಾಕು.”

“ಆಮೇಲೆ ನಾನ್ ಯಾರ್ ತಾವ ಮಾತಾಡ್ಲಿ ಅತ್ತೆ?”

ಅತ್ತೆ ನನ್ನ ಪಕ್ಕ ಕುಕ್ಕರಿಸಿ, “ನಂಗೂ ಯಾರವ್ರೆ ಹೇಳು? ಹುಳ ಬುಡು, ನಂತಾವ ಮಾತಾಡು ಬಾ” ಎಂದಳು.

ಅಂದಿನಿಂದ ಇಬ್ಬರೂ ಹರಟುತ್ತಲೇ ತಿಪ್ಪೆ ತಿರುವುತ್ತಿದ್ದೆವು.

ಇವತ್ತು ಸಿಕ್ಕ ಹುಳುಗಳೂ ಕೋಳಿಗೇ ಹೋದವು. ಅತ್ತೆ ಈಗಿಲ್ಲ; ಕೈ ತೊಳೆದು ಬಂದು ಜಗಲಿಯಲ್ಲಿ ಒಬ್ಬನೇ ಕೂತು ಇದನ್ನೆಲ್ಲ ಫೋನಿಗೆ ಹೇಳಿ ರೆಕಾರ್ಡ್ ಮಾಡುತ್ತಿದ್ದೇನೆ. ಕೇಳಿಸಿಕೊಂಡವರು ಒಂದು ಸಲ ‘ಹೂಂ’ ಅನ್ನಿ, ಸಾಕು.