ಡ್ರಮ್ಮಿನ ತಳದ ಒಂದು ಹಿಡಿ ಅಕ್ಕಿ

ಸಂತೋಷ ತಡೆಯಲಾಗದೆ ಬರೆಯಲು ಕೂತಿದ್ದೇನೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಒತ್ತಕ್ಷರ ಬಂದ ಕಡೆ ಈಗಲೂ ಕೈ ಒಂದು ಗಳಿಗೆ ನಿಂತು ಯೋಚನೆ ಮಾಡುತ್ತದೆ. ಬಾಯಲ್ಲೇ ಹೇಳೋಣವೆಂದರೆ ಹೇಳಿ ಹೇಳಿ ಬೀದಿಯವರಿಗೆಲ್ಲ ಸಾಕಾಗಿದೆ. ನಾನು ಬಾಯಿ ತೆಗೆದರೆ ಸೊಸೆ ಏನೋ ಒಲೆಯ ಮೇಲಿಟ್ಟು ಬಂದವಳ ಹಾಗೆ ಒಳಗೆ ಓಡುತ್ತಾಳೆ. ಕಾಗದವಾದರೆ ಎದ್ದು ಹೋಗುವುದಿಲ್ಲ. ನನ್ನ ಮೊಮ್ಮಗಳ ಕೆಲಸ ಉಳಿಯಿತು. ಸಂಗತಿ ಇಷ್ಟೇ. ಆದರೆ ಅದು ಉಳಿದ ದಿನ ಸಾಯಂಕಾಲದವರೆಗೆ ನಮ್ಮ ಮನೆಯಲ್ಲಿ ಯಾರ ಗಂಟಲಿಗೂ ಅನ್ನ ಇಳಿದಿರಲಿಲ್ಲ.

ನಾನು ಹುಟ್ಟಿದ್ದು ನರಸೀಪುರದ ಕಡೆಯ ಹೆಮ್ಮಿಗೆಯಲ್ಲಿ, ಬಾಳಿದ್ದು ನಂಜನಗೂಡಿನ ಕಡೆಯ ಹೆಮ್ಮರಗಾಲದಲ್ಲಿ. ಈ ಮೊಮ್ಮಗಳು ನನ್ನ ಮಗನ ಮಗಳು. ಅವಳನ್ನು ಕೊಟ್ಟಿರುವುದು ಮತ್ತೆ ನರಸೀಪುರಕ್ಕೇ. ನಾನು ಬಂದ ದಾರಿಯಲ್ಲಿ ಅವಳು ವಾಪಸು ಹೋದಳು ಎಂದು ನಗಾಡುತ್ತಿದ್ದೆವು. ಮೊದಲ ಹೆರಿಗೆ, ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಹುಟ್ಟಿದ್ದು ಹೆಣ್ಣು ಮಗು, ಗುಂಡು ಗುಂಡಾಗಿದೆ. ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ಯುವ ಭಾಗ್ಯ ಮರಿಮಗಳ ಕಾಲಕ್ಕೂ ನನಗೆ ಸಿಕ್ಕಿತಲ್ಲ ಎಂದು ನಾನು ಉಬ್ಬಿ ಹೋಗಿದ್ದೆ.

ಆದರೆ ಮೊಮ್ಮಗಳ ಮುಖದಲ್ಲಿ ಬಾಣಂತಿಯ ಕಳೆ ಇರಲಿಲ್ಲ. ಅವಳು ಕಂಪ್ಯೂಟರಿನ ಕೆಲಸದವಳು. ರಜೆ ಮುಗಿಯುತ್ತಾ ಬಂದಾಗ ಆಫೀಸಿನ ಮೇಡಂ ಫೋನು ಮಾಡಿ, ಮಗು ಇಟ್ಟುಕೊಂಡು ಮನೆಯಿಂದಲೇ ಕೆಲಸ ಮಾಡುತ್ತೇನೆ ಅನ್ನುವುದಾದರೆ ಒಂದು ಕೆಲಸ ಕೊಡುತ್ತೇನೆ, ಮಾಡಿ ತೋರಿಸು ಎಂದರಂತೆ. ಶುಕ್ರವಾರ ಸಾಯಂಕಾಲದೊಳಗೆ ಆಗಬೇಕು. ಆಯಿತೋ, ಕೆಲಸ ಉಳಿಯುತ್ತದೆ, ಆಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಮೇಡಂ ಕೆಟ್ಟವರಲ್ಲ, ಅವರ ಮೇಲೂ ಯಾರೋ ಇದ್ದರು.

ಅದೇನು ಕೆಲಸ ಎಂದು ನಾನು ಬಿಡದೆ ಕೇಳಿದೆ. ಅವಳು ಹಾಲು ಕುಡಿಸುತ್ತಲೇ ಹೇಳಿದಳು. ಪ್ಲಗಿನ್ ಅಂತ ಒಂದು ಇದೆ. ಮಿಕ್ಸಿಗೆ ಜಾರು ಇದ್ದ ಹಾಗೆ. ಮೋಟಾರು ಬೇರೆಯವರದು, ಜಾರು ಇವರದು, ತಂದು ಕೂರಿಸಿದರೆ ಓಡಬೇಕು. ಇವರ ಜಾರಿನ ಕೆಲಸ, ಕಣ್ಣು ಕಾಣದವರಿಗೆ ಕಂಪ್ಯೂಟರಿನ ಮೇಲಿನ ಬರಹವನ್ನು ಓದಿ ಹೇಳುವುದು. ಬೇರೆ ಬೇರೆ ಜನ ವರ್ಷಗಟ್ಟಲೆ ಅದನ್ನು ಕಟ್ಟಿ, ಕಟ್ಟಿ ಬಿಟ್ಟುಹೋಗಿದ್ದಾರೆ. ಹೀಗೆ ಕಟ್ಟಬೇಕು ಎಂದು ಹೇಳುವ ಫೈಲನ್ನು ಒಬ್ಬೊಬ್ಬರು ಒಂದೊಂದು ಬರೆದಿಟ್ಟಿದ್ದಾರೆ. ಒಂದು ಪೂರ್ವಕ್ಕೆ ಅಂದರೆ ಇನ್ನೊಂದು ಪಶ್ಚಿಮಕ್ಕೆ ಅನ್ನುತ್ತದೆ. ಪ್ರತಿಯೊಬ್ಬರೂ ಬೇರೆಯವರ ಮನೆಯಿಂದ ಕಡ ತಂದ ಸಾಮಾನು ಬೇರೆ ಅದರಲ್ಲಿದೆ. ತಂದದ್ದರಲ್ಲಿ ಎಷ್ಟೋ ಈಗ ಬಳಕೆಯಲ್ಲೇ ಇಲ್ಲ. ಅದನ್ನೆಲ್ಲ ಜಾಲಿಸಿ, ಬೇಕಾದದ್ದು ಇಟ್ಟು, ಬೇಡದ್ದು ತೆಗೆದು, ಕಟ್ಟುವುದಕ್ಕೆ ಒಂದೇ ದಾರಿ ಮಾಡಬೇಕು.

ಅಟ್ಟ ಗುಡಿಸುವ ಕೆಲಸ ಅನ್ನು ಎಂದೆ. ಹೂಂ ಕಣಜ್ಜಿ, ಆದರೆ ಅಟ್ಟದ ಮೇಲೇ ಮನೆ ನಿಂತಿದೆ ಎಂದಳು.

ಗುಡಿಸಿದಳು. ಮಗು ಮಲಗಿದಾಗ ಕೂತಳು, ಎದ್ದಾಗ ತೊಡೆಯ ಮೇಲೆ ಹಾಕಿಕೊಂಡು ಕೂತಳು. ಬಾಣಂತಿ ಹೀಗೆ ಬೆಳಕಿನ ಪೆಟ್ಟಿಗೆ ನೋಡಿದರೆ ಕಣ್ಣು ಇಂಗಿ ಹೋಗುತ್ತದೆ ಎಂದು ಅವಳ ತಾಯಿ, ಎಂದರೆ ನನ್ನ ಸೊಸೆ, ಹೊತ್ತು ಹೊತ್ತಿಗೂ ಬಯ್ಯುತ್ತಿದ್ದಳು. ಬಯ್ಯುತ್ತಲೇ ಬೆನ್ನಿಗೆ ದಿಂಬು ಕೊಡುತ್ತಿದ್ದಳು. ಗುರುವಾರ ಹೊತ್ತು ಮುಳುಗುವಾಗ ಮೊಮ್ಮಗಳು ಮುಗೀತಜ್ಜಿ ಎಂದು ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಬೆಳಿಗ್ಗೆ ಕಳಿಸಿದಳು.

ಶುಕ್ರವಾರ ಬೆಳಿಗ್ಗೆಯೇ ಆಫೀಸಿನಿಂದ ಕೆಂಪು ಅಕ್ಷರ ಬಂತು, ಎಂದರೆ ತಪ್ಪಿದೆ ಅಂತ. ಇಲ್ಲಿ ಓಡುವುದು ಅಲ್ಲಿ ಓಡುತ್ತಿರಲಿಲ್ಲ.

ಅಲ್ಲಿರುವ ಮಿಷನ್ನು ಪ್ರತಿ ಸಲವೂ ಏನೂ ಇಲ್ಲದ ಖಾಲಿ ಮನೆಯಿಂದ ಶುರು ಮಾಡುತ್ತದಂತೆ. ಇವಳು ಕೊಟ್ಟ ಪಟ್ಟಿಯಲ್ಲಿ ಇರುವುದನ್ನು ಮಾತ್ರ ತರಿಸಿಕೊಂಡು ಕಟ್ಟಿ ನೋಡುತ್ತದೆ. ಅದು ಯಾವುದೋ ಒಂದು ಸಾಮಾನಿನ ಹೆಸರು ಹೇಳಿ, ಸಿಕ್ಕಲಿಲ್ಲ ಅನ್ನುತ್ತಿತ್ತು. ಇವಳು ಇಲ್ಲಿ ನೋಡಿದರೆ ಆ ಸಾಮಾನು ಕಣ್ಣೆದುರಿಗೇ ಕೂತಿದೆ. ಸಾಮಾನು ಇದೆ, ದಾರಿ ಹೇಳುವ ಫೈಲೇ ತಪ್ಪಿದೆ ಎಂದುಕೊಂಡು ಅದನ್ನು ತಿದ್ದಿದಳು. ಕಳಿಸಿದಳು, ಕೆಂಪು. ಇನ್ನೊಂದು ಥರ ತಿದ್ದಿದಳು, ಅದೂ ಕೆಂಪು. ಹೊತ್ತು ಏರುತ್ತಾ ಹೋಯಿತು. ಮಗು ಒಂದೇ ಸಮ ಅಳುತ್ತಿತ್ತು. ತಾಯಿಯ ಎದೆ ಬತ್ತಿದರೆ ಕೂಸಿಗೆ ಹೇಗೆ ಗೊತ್ತಾಗುತ್ತದೋ. ಇಕ್ಕಿದ ಅನ್ನದ ಮೇಲೆ ನೊಣ ಕೂತರೂ ಅವಳು ಅಟ್ಟಲಿಲ್ಲ. ನಾನು ದೇವರ ಗೂಡಿನ ಮುಂದೆ ನಿಂತು ನಂಜುಂಡಪ್ಪಾ, ಈ ಹುಡುಗಿಯನ್ನು ಒಂದು ದಡ ಸೇರಿಸು, ನಿನ್ನ ಬಾಗಿಲಲ್ಲಿ ಉರುಳುತ್ತೇನೆ ಎಂದೆ. ಮೊಣಕಾಲು ನೋವಿನವಳು ಹೇಗೆ ಉರುಳುತ್ತೀಯೆ ಎಂದು ಅವನಾದರೂ ಕೇಳಬೇಕಿತ್ತು.

ಮಧ್ಯಾಹ್ನ ಅವಳು ಅಳುವುದನ್ನೂ ಬಿಟ್ಟು ಗೋಡೆ ನೋಡುತ್ತಾ ಕೂತಳು. ಅದನ್ನು ನೋಡಿ ನನಗೆ ಅತ್ತಿದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಹತ್ತಿರ ಹೋಗಿ ತಲೆ ಸವರಿದೆ.

“ಇದೊಂದು ಕೈ ತಪ್ಪೋದ್ರೆ ಮುಗೀತು ಕಣಜ್ಜಿ,” ಎಂದಳು. “ಮಗು ದೊಡ್ಡದಾಗ್ಲಿ ಆಮ್ಯಾಕೆ ನೋಡವಾ ಅಂತಾರೆ. ಆಮ್ಯಾಕೆ ಅಂದ್ರೆ ಯಾವತ್ತೂ ಇಲ್ಲ ಅಂತ. ನಮ್ಮವ್ವಂಗೆ ಅದೇ ಆಯ್ತಲ್ಲ.”

ಸೊಸೆ ಹೊರಗೆ ಅಂಗಳದಲ್ಲಿದ್ದಳು, ಕೇಳಿಸಿತೋ ಇಲ್ಲವೋ. ಕೇಳಿಸಿರಬೇಕು, ಡ್ರಮ್ಮು ಉರುಳಿಸುವ ಸದ್ದು ಸ್ವಲ್ಪ ನಿಂತು ಮತ್ತೆ ಜೋರಾಯಿತು. ಈ ಮೊಮ್ಮಗಳು ಕಂಕುಳ ಕೂಸಾಗಿದ್ದಾಗ ಟೈಪಿಂಗ್ ಕಲಿಯುವುದನ್ನು ಬಿಟ್ಟವಳು ಅವಳು.

ಆ ಡ್ರಮ್ಮಿನ ಸಂಗತಿ ಹೇಳಬೇಕು. ನಮ್ಮ ಮನೆಯ ಅಕ್ಕಿಯ ತಗಡಿನ ಡ್ರಮ್ಮು ನನ್ನ ಅತ್ತೆಯ ಕಾಲದ್ದು. ಅಕ್ಕಿ ತುಂಬುವ ಪಾತ್ರೆಯನ್ನು ಪೂರ್ತಿ ಬರಿದು ಮಾಡಬಾರದು, ತಳದಲ್ಲಿ ಒಂದು ಹಿಡಿ ಬಿಟ್ಟು ಅದರ ಮೇಲೇ ಹೊಸ ಅಕ್ಕಿ ಸುರಿಯಬೇಕು ಎಂದು ಅತ್ತೆ ನನಗೆ ಹೇಳಿದ್ದರು. ಬರಿದಾದ ಪಾತ್ರೆ ಮನೆಯನ್ನೇ ಬರಿದು ಮಾಡುತ್ತದೆ. ಮೊಮ್ಮಗಳು ಚಿಕ್ಕವಳಿದ್ದಾಗ ಅಕ್ಕಿ ಅಳೆಯಲು ಅವಳನ್ನೇ ಕಳಿಸುತ್ತಿದ್ದೆ. ಡ್ರಮ್ಮಿನೊಳಕ್ಕೆ ಅರ್ಧ ಇಳಿದು, ಒಂದಿಡಿ ಬುಟ್ಟಿದೀನಿ ಕಣಜ್ಜೀ ಎಂದು ಒಳಗಿಂದಲೇ ಕೂಗುತ್ತಿದ್ದಳು. ಈಚೆಗೆ ಅಕ್ಕಿಗೆ ಹುಳ ಬಿದ್ದಿತ್ತು. ಎಷ್ಟು ಸಲ ಬಿಸಿಲಿಗೆ ಹಾಕಿ, ಬೇವಿನ ಎಲೆ ಹಾಕಿ ತುಂಬಿದರೂ ಮತ್ತೆ ಹುಳ. ನರಸೀಪುರದ ಬೀಗರು ಮಾರನೆಯ ದಿನ ತಾಯಿ ಮಗುವನ್ನು ನೋಡಲು ಬರುವವರಿದ್ದರು. ಹುಳ ಬಿದ್ದ ಅಕ್ಕಿಯಲ್ಲಿ ಅನ್ನ ಇಕ್ಕುವುದಕ್ಕಾಗುತ್ತದೆಯೆ? ಅದಕ್ಕೆ ಸೊಸೆ ಡ್ರಮ್ಮನ್ನು ಅಂಗಳಕ್ಕೆ ಉರುಳಿಸಿದ್ದಳು. ನಾನು ಓಡಿಹೋಗಿ, ಒಂದು ಹಿಡಿ ಬಿಡು, ಬರಿದು ಮಾಡಬೇಡ ಎಂದು ಅಡ್ಡ ನಿಂತೆ. ಅಂಥ ಹೊತ್ತಿನಲ್ಲಿ ಮನೆ ಬರಿದಾಗುವ ಕೆಲಸ ಯಾರು ಮಾಡುತ್ತಾರೆ?

ಸೊಸೆ ಬೆವರು ಒರೆಸಿಕೊಂಡು ನನ್ನ ಮುಖ ನೋಡಿದಳು. “ಅತ್ತೆಮ್ಮಾ, ಆ ಒಂದಿಡೀಲೇ ಹುಳ ಇರದು. ವರ್ಸೊರ್ಸ ಅದ್ನ ನೀವೇ ಸಾಕ್ತಾ ಇದೀರಿ. ಮ್ಯಾಲಿಂದು ಎಷ್ಟ್ ಕೇರುದ್ರೇನು.”

ನನಗೆ ಸಿಟ್ಟು ಬಂತು. ನಿಮ್ಮಪ್ಪನ ಮನೆಯಲ್ಲಿ ಹಾಗೆ ಮಾಡು ಎಂದೆ. ಅವಳು, ನಮ್ಮಪ್ಪನ ಮನೆಯಲ್ಲಿ ಹುಳವೇ ಇಲ್ಲ ಎಂದಳು. ಹೀಗೆ ನಮ್ಮ ಬಾಯಿ ಜೋರಾಗಿರುವಾಗ ಮೊಮ್ಮಗಳು ಮಗುವನ್ನು ಎದೆಗೆ ಅವುಚಿಕೊಂಡು ಹೊಸಲಿನ ಮೇಲೆ ಬಂದು ನಿಂತಿದ್ದಳು. ಮುಖ ಬಿಳುಚಿತ್ತು.

“ನಾನೂ ಒಂದಿಡಿ ಬುಟ್ಟಿದೀನಿ ಕಣಜ್ಜಿ.”

ನಮಗೆ ಅರ್ಥವಾಗಲಿಲ್ಲ. ಅವಳೇ ತಡೆದು ತಡೆದು ಹೇಳಿದಳು. ಬೇಡದ ಸಾಮಾನಿನ ಹೆಸರನ್ನು ಪಟ್ಟಿಯಿಂದ ತೆಗೆದಿದ್ದಾಳೆ, ಆದರೆ ಮೊದಲೇ ಇಳಿಸಿಕೊಂಡಿದ್ದ ಸಾಮಾನಿನ ಗಂಟನ್ನು ಮಾತ್ರ ಅಳಿಸಿಲ್ಲ. ಈ ಊರಿನ ನೆಟ್‌ವರ್ಕಿನಲ್ಲಿ ಅಷ್ಟನ್ನೂ ಮತ್ತೆ ಇಳಿಸಿಕೊಳ್ಳಲು ಆಗುತ್ತದೋ ಇಲ್ಲವೋ ಎಂದು ಹಳೆಯದನ್ನು ಹಾಗೇ ಇಟ್ಟುಕೊಂಡು ಅದರ ಮೇಲೇ ಕಟ್ಟುತ್ತಾ ಬಂದಿದ್ದಾಳೆ. ಪೂರ್ತಿ ಬರಿದು ಮಾಡಕ್ಕೆ ಕೈಯೇ ಬರಲಿಲ್ಲ ಎಂದಳು. ಅಲ್ಲಿ ಇಲ್ಲದ್ದು ಇಲ್ಲಿ ಕಾಣುತ್ತಿರುವುದು ಆ ಹಳೆಯ ಗಂಟಿನಿಂದ ಇರಬಹುದು. ಇರಬಹುದು ಅಷ್ಟೇ. ಅಳಿಸಿದ ಮೇಲೆ ಮತ್ತೆ ಇಳಿಯದಿದ್ದರೆ ಇದ್ದದ್ದೂ ಹೋಯಿತು.

ಹಾಗೆ ಹೇಳಿ ಅವಳು ನನ್ನ ಮುಖ ನೋಡಿದಳು. ಕಂಪ್ಯೂಟರಿನ ವಿಷಯ ನನ್ನನ್ನು ಕೇಳುವಂಥದ್ದೇನಿತ್ತು? ಆದರೂ ನೋಡಿದಳು. ನಾನು ಡ್ರಮ್ಮಿನ ಅಡ್ಡದಿಂದ ಸರಿದು ನಿಂತೆ. ಸೊಸೆ ಬಗ್ಗಿ ಕೊನೆಯ ಹಿಡಿಯನ್ನೂ ಬಾಚಿ ಕೋಳಿಗಳಿಗೆ ಎರಚಿದಳು. ಮೊಮ್ಮಗಳು ಒಳಗೆ ಹೋಗಿ ಅವಳದ್ದನ್ನು ಅಳಿಸಿದಳು.

ಅಳಿಸಿದ್ದಾಯಿತು, ಇಳಿಯಬೇಕಲ್ಲ. ಮನೆಯೊಳಗೆ ಒಂದು ಗೆರೆ ಸಿಗ್ನಲ್ಲು, ಬರುತ್ತದೆ, ಹೋಗುತ್ತದೆ. ಊರಲ್ಲಿ ಸಿಗ್ನಲ್ಲು ಚೆನ್ನಾಗಿರುವುದು ಬಸ್ ನಿಲ್ಲುವ ಕಡೆಯ ಅರಳಿಕಟ್ಟೆಯ ಮೇಲೆ. ಮೂರು ತಿಂಗಳು ತುಂಬದ ಬಾಣಂತಿ ಹೊಸಲು ದಾಟಬಾರದು, ದಾಟಿದರೆ ಮೊದಲು ನಂಜುಂಡನ ಬಾಗಿಲಿಗೇ ಹೋಗಬೇಕು. ಆ ಕಟ್ಟಳೆಗೆ ಅಷ್ಟು ದಿನ ಕಾವಲು ಕೂತವಳು ನಾನೇ. ಸೊಸೆ ಬಾಯಿ ತೆಗೆಯುವ ಮೊದಲೇ ನಾನು ಮಗುವಿಗೆ ಕುಲಾವಿ ಕಟ್ಟಿದೆ, ಬಾಣಂತಿಯ ಕಿವಿಗೆ ಹತ್ತಿ ಇಟ್ಟು ತಲೆಗೆ ವಸ್ತ್ರ ಸುತ್ತಿದೆ. ಎದ್ದೇಳು ಎಂದೆ.

ಮುಂದೆ ಮೊಮ್ಮಗಳು ಲ್ಯಾಪ್‌ಟಾಪು ಹಿಡಿದುಕೊಂಡು, ಹಿಂದೆ ಸೊಸೆ ಕೊಡೆ ಹಿಡಿದುಕೊಂಡು, ಅದರ ಹಿಂದೆ ನಾನು ಮಗುವನ್ನು ಎತ್ತಿಕೊಂಡು. ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದ ಪಕ್ಕದ ಬೀದಿಯ ಮುದುಕನೊಬ್ಬ ಕಟ್ಟೆಯಿಂದ ಎದ್ದು ಜಾಗ ಬಿಟ್ಟ.

“ಏನಮ್ಮೋ, ಹಸಿ ಬಾಣಂತೀನ ಬಿಸ್ಲಲ್ಲಿ ಎಲ್ಲಿಗೆ ಹೊಂಟ್ಸಿದೀಯೆ?”

“ನೆಟ್‌ವರ್ಕಿಗೆ ಕಣಪ್ಪಾ,” ಎಂದೆ.

“ಅಲ್ಲೂ ಕ್ಯೂ ಇದ್ದದಾ?” ಎಂದು ಅವನು ಕೊಡೆಯ ಇನ್ನೊಂದು ಪಕ್ಕಕ್ಕೆ ತನ್ನ ಟವೆಲ್ಲನ್ನು ಅಡ್ಡ ಹಿಡಿದು ನಿಂತ. ಅವನ ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ.

ಇಳಿಯುತ್ತಾ ಇಳಿಯುತ್ತಾ ನಡುವೆ ನಿಂತಿತು. ಮತ್ತೆ ಶುರುವಾಯಿತು. ನೆರಳು ಕಟ್ಟೆಯ ಈ ಕಡೆಯಿಂದ ಆ ಕಡೆಗೆ ಹೋಯಿತು. ಮಗು ನನ್ನ ಬೆರಳು ಚೀಪುತ್ತಾ ಇತ್ತು. ಕೊನೆಗೆ ಎಲ್ಲ ಇಳಿದು, ಅವಳು ಕಟ್ಟಿ ನೋಡಿದಳು. ನಾನೂ ಬಗ್ಗಿ ನೋಡಿದೆ. ಪೂರ್ತಿ ಕೆಂಪು. ಈಗ ನಮ್ಮಲ್ಲೂ ಕೆಂಪು. ಇದ್ದದ್ದನ್ನೂ ನಾವೇ ಕಳೆದೆವಲ್ಲ ಎಂದು ಸೊಸೆಯ ಭುಜ ಹಿಡಿದುಕೊಂಡೆ.

ಮೊಮ್ಮಗಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು. ಬಾಣಂತಿ ಸನ್ನಿ ಎಂದೇ ನಾನು ತಿಳಿದೆ.

“ಇಲ್ಲೂ ಕೆಡ್ತು ಕಣಜ್ಜಿ,” ಎಂದಳು. “ಅಲ್ಲಿ ಕೆಟ್ಟಂಗೇ ಇಲ್ಲೂ ಕೆಡ್ತು.”

ಇಲ್ಲೂ ಹಾಗೇ ಕೆಟ್ಟರೆ ತಪ್ಪು ಎಲ್ಲಿದೆ ಎಂದು ಇಲ್ಲೇ ಹುಡುಕಬಹುದಂತೆ, ಹುಡುಕಿ ಸಿಕ್ಕ ಮೇಲೆ ಬಿಡಿಸಿ ಹೇಳಿದಳು. ಮದುವೆಗೆ ಕರೆದ ನೆಂಟರ ಜೊತೆ ಕರೆಯದ ಒಬ್ಬ ಬಂದಿರುತ್ತಾನೆ. ಪಂಕ್ತಿಗೆಲ್ಲ ಅವನೇ ಬಡಿಸುತ್ತಿರುತ್ತಾನೆ, ಯಾರು ಎಂದು ಯಾರೂ ಕೇಳಿರುವುದಿಲ್ಲ. ಮುಂದಿನ ಸಲ ಆ ನೆಂಟರನ್ನು ಕರೆಯದೆ ಬಿಟ್ಟರೆ ಬಡಿಸುವವನೂ ಬರುವುದಿಲ್ಲ, ಪಂಕ್ತಿ ಹಸಿದು ಕೂರುತ್ತದೆ. ಇವಳು ಬೇಡವೆಂದು ತೆಗೆದ ಒಂದು ಸಾಮಾನಿನ ಜೊತೆಯಲ್ಲಿ ಅಂಥದೊಂದು ಬಂದಿತ್ತು. ಪಟ್ಟಿಯಲ್ಲಿ ಅದರ ಹೆಸರು ಎಲ್ಲೂ ಇರಲಿಲ್ಲ. ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು, ಅಷ್ಟೇ. ಒಂದು ಸಾಲು ಬರೆದಳು. ಬೆಳಿಗ್ಗೆಯಿಂದ ದಾರಿ ಫೈಲಿಗೆ ಹಾಕಿದ್ದ ತೇಪೆಗಳನ್ನೆಲ್ಲ ಕಿತ್ತು ಹಾಕಿದಳು. ಕಳಿಸಿದಳು.

ಅಲ್ಲಿಂದ ಏನು ಬರುತ್ತದೋ ಎಂದು ನಾಲ್ಕೂ ಜನ ಬಗ್ಗಿ ನೋಡಿದೆವು. ಹಸಿರು ಬಂತು. ನನಗೆ ಇಂಗ್ಲಿಷ್ ಬರುವುದಿಲ್ಲ, ಹಸಿರು ಗೊತ್ತಾಗುತ್ತದೆ. ಆಮೇಲೆ ಮೇಡಂ ಫೋನು ಮಾಡಿದರು. ಸೋಮವಾರದಿಂದ ಮನೆಯಲ್ಲೇ ಕೂತು ಮಾಡು ಎಂದಿದ್ದನ್ನು ಸೊಸೆ ಫೋನಿಗೆ ಕಿವಿ ಒತ್ತಿ ಕೇಳಿಸಿಕೊಂಡಳು. ಕೇಳಿ, ಮಗಳ ತಲೆಯ ವಸ್ತ್ರ ಸಡಿಲವಾಗಿದ್ದನ್ನು ಬಿಗಿದು ಕಟ್ಟಿದಳು. ಟವೆಲ್ಲಿನ ಮುದುಕ, ಅಂತೂ ಬಸ್ಸು ಸಿಕ್ತಲ್ಲ ಬುಡಿ ಎಂದ.

ಮನೆಗೆ ಬಂದಾಗ ಡ್ರಮ್ಮು ತೊಳೆಸಿಕೊಳ್ಳಲು ಕಾಯುತ್ತಾ ಅಂಗಳದಲ್ಲೇ ಇತ್ತು. ಇಷ್ಟು ವರ್ಷ ಆ ಮನೆಯಲ್ಲಿ ಬಾಳಿ ಅದರ ತಳವನ್ನು ನಾನು ಕಂಡವಳೇ ಅಲ್ಲ. ಮಗುವನ್ನು ಸೊಸೆಯ ಕೈಗೆ ಕೊಟ್ಟು ಬಗ್ಗಿ ನೋಡಿದೆ. ತಳದ ಮೂಲೆಯಲ್ಲಿ ಒಂದು ಚಿಕ್ಕ ತೂತು. ಅದಕ್ಕೆ ಯಾರೋ ಯಾವುದೋ ಕಾಲದಲ್ಲಿ ಅರಗು ಮೆತ್ತಿದ್ದರು, ಅತ್ತೆಯೇ ಇರಬೇಕು, ಬಾಚಿದರೆ ಅದು ಕಿತ್ತುಬರುತ್ತದೆಂದೇ ಒಂದು ಹಿಡಿ ಬಿಡು ಅಂದಿದ್ದರೋ ಏನೋ. ನನಗೆ ಎಲ್ಲಿಂದಲೋ ನಗು ಬಂತು. ತಲೆ ಒಳಗಿಟ್ಟುಕೊಂಡೇ ನಕ್ಕೆ. ಬರಿ ಡ್ರಮ್ಮು ಅದನ್ನು ಗುಡುಗಿನ ಹಾಗೆ ದೊಡ್ಡದು ಮಾಡಿ ನನಗೇ ವಾಪಸು ಕೊಟ್ಟಿತು. ಕೋಳಿಗಳು ಬೆದರಿ ಓಡಿದವು, ಮಗು ಒಂದು ಸಲ ಬೆಚ್ಚಿತು. ಹೊಸಲಿನ ಮೇಲಿಂದ ಮೊಮ್ಮಗಳು, ಎಷ್ಟು ಬುಟ್ಟಿದೀಯಜ್ಜೀ ಎಂದು ಕೂಗಿದಳು.

“ಏನೂ ಬುಟ್ಟಿಲ್ಲ ಕಣವ್ವಾ,” ಎಂದು ಒಳಗಿಂದಲೇ ಕೂಗಿದೆ.