ಮಂಜಗುಣಿಯ ಮೆಕ್ಯಾನಿಕ್

ಆ ಟೇಪು ಇನ್ನು ಉಳಿಯುವುದಿಲ್ಲ ಎಂದು ಹೇಳಿದವನು ನಾನೇ. ತೋಡೂರಿನಿಂದ ಬಂದಿದ್ದ ಹೆಂಗಸು ತನ್ನ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದಳು. ನೌಕಾನೆಲೆಗೆ ಜಾಗ ಬಿಟ್ಟುಕೊಡುವ ಮೊದಲು ಇದ್ದ ಮನೆಯ ಅಂಗಳದಲ್ಲೇ ಆ ಮದುವೆ ಆಗಿತ್ತಂತೆ. ಒಳಗೆ ಬಿಳಿ ಬೂಷ್ಟು ಬೆಳೆದು ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರು ಸಂಜೆ ಹೆಣಗಿದೆ. ನಾಲ್ಕನೆಯ ಸಂಜೆ ಕೈಗಾದಿಂದ ಕಂಪನಿ ಬಸ್ಸಿನಲ್ಲಿ ಮನೆಗೆ ಬಂದವನೇ ಅವಳಿಗೆ ಫೋನ್ ಮಾಡಿ, "ಯಾರ ಕೈಯಲ್ಲೂ ಆಗೋದಿಲ್ಲ" ಅಂದೆ. "ಯಾರ ಕೈಯಲ್ಲೂ" ಎಂದು ಸೇರಿಸುವ ಅಗತ್ಯವೇನೂ ಇರಲಿಲ್ಲ.

ಹಾಗೆ ಹೇಳುವ ಧೈರ್ಯ ನನಗಿತ್ತು. ಮೂವತ್ತು ವರ್ಷದಿಂದ ಅಣುಸ್ಥಾವರದಲ್ಲಿ ಉಪಕರಣಗಳನ್ನು ನೋಡಿಕೊಂಡು ಬಂದವನು ನಾನು. ಕಾರವಾರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಹತ್ತೊಂಬತ್ತು ವಿ.ಸಿ.ಆರ್.ಗಳನ್ನು ಜೋಡಿಸಿಟ್ಟಿದ್ದೇನೆ. ಗುಜರಿಯಿಂದ, ಮುಚ್ಚಿದ ವಿಡಿಯೋ ಅಂಗಡಿಗಳಿಂದ, ಯಾರದೋ ಅಟ್ಟದಿಂದ ಹೊತ್ತು ತಂದು, ಉಪ್ಪುಗಾಳಿಗೆ ಹಿಡಿದ ತುಕ್ಕು ಕೆರೆದು ಒಂದೊಂದನ್ನೂ ನಡೆಯುವಂತೆ ಮಾಡಿದ್ದೇನೆ. ಜಿಲ್ಲೆಯಲ್ಲಿ ಈ ಕೆಲಸ ಬಲ್ಲವನು ನಾನೊಬ್ಬನೇ ಎಂದು ತಿಳಿದುಕೊಂಡಿದ್ದೆ.

ತಿಂಗಳ ನಂತರ ಕಾರವಾರದ ಸಂತೆಯಲ್ಲಿ ಆ ತೋಡೂರಿನವಳು ಎದುರಾದಳು. ಮುಖ ಅರಳಿತ್ತು.

"ಟೇಪ್ ಆಯ್ತ್ರೀ! ಮಂಜಗುಣೀಲಿ ಒಬ್ಳು ಮೀನ್ ಮಾರೂವವ್ಳು ಮಾಡ್ಕೊಟ್ಲು. ನಮ್ ಅಪ್ಪ ನಡೆದಾಡೂದ್ ಕಾಣ್ತದೆ, ನಮ್ ಬಾವಿ ಕಾಣ್ತದೆ."

"ಒಳ್ಳೆಯದಾಯ್ತು" ಅಂದೆ. ತರಕಾರಿ ಕೊಳ್ಳುವುದನ್ನು ಬಿಟ್ಟು ಖಾಲಿ ಚೀಲದೊಂದಿಗೆ ಮನೆಗೆ ಬಂದೆ. ಮೀನು ಮಾರುವವಳು! ಊಟಕ್ಕೆ ಕೂತರೂ ಅದೇ, ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಅದೇ. ಆ ಟೇಪಿನ ಮೇಲೆ ನನಗಿಲ್ಲದ ಯಾವ ವಿದ್ಯೆ ಅವಳಿಗಿತ್ತು?

ಮುಂದಿನ ಭಾನುವಾರ ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಚೆನ್ನಾಗಿ ನಡೆಯುತ್ತಿದ್ದ ಒಂದು ಯಂತ್ರವನ್ನು ಬಿಚ್ಚಿ, ಕರೆಂಟು ಹಂಚುವ ಭಾಗದಿಂದ ಒಂದು ಒಳ್ಳೆಯ ಕೆಪಾಸಿಟರ್ ತೆಗೆದು, ಅಲ್ಲಿ ಸತ್ತದ್ದೊಂದನ್ನು ಬೆಸೆದೆ. ಎಂಥ ಅನುಭವಿಗೂ ಅರ್ಧ ದಿನ ಹಿಡಿಯುವ ದೋಷ ಅದು. ಯಂತ್ರವನ್ನು ಚೀಲಕ್ಕೆ ತುಂಬಿಕೊಂಡು ಅಂಕೋಲೆಗೆ ಹೋಗಿ, ಅಲ್ಲಿಂದ ಮಂಜಗುಣಿಯ ಬಸ್ಸು ಹತ್ತಿದೆ.

ಗಂಗಾವಳಿ ಹೊಳೆಯ ದಂಡೆಗೆ ಹತ್ತಿರದ ಸಣ್ಣ ಮನೆ. ಜಗುಲಿಯಲ್ಲಿ ಅವಳ ಗಂಡ ಬಲೆ ಹೆಣೆಯುತ್ತ ಕೂತಿದ್ದ. ಅವಳು ಆಗಷ್ಟೇ ಮೀನು ಪೇಟೆಯಿಂದ ಬಂದು ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದಳು. ಐವತ್ತರ ಆಸುಪಾಸು, ಗಟ್ಟಿ ಮೈಕಟ್ಟು.

"ಬನ್ನಿ, ಕೂತ್ಕಣಿ" ಎಂದು ಯಂತ್ರವನ್ನು ನನ್ನ ಕೈಯಿಂದ ಇಸಿದುಕೊಂಡಳು. ಕರೆಂಟು ಕೊಟ್ಟು, ಮುಚ್ಚಳದ ಮೇಲೆ ಅಂಗೈ ಇಟ್ಟು ಒಳಗೇನಾದರೂ ಅಲುಗುತ್ತದೆಯೇ ಎಂದು ನೋಡಿದಳು. ಆಮೇಲೆ ಬಿಚ್ಚಿ, ಟಾರ್ಚು ಹಿಡಿದು ಬಗ್ಗಿ ನೋಡಿದಳು. ಹತ್ತು ನಿಮಿಷವೂ ಆಗಿರಲಿಲ್ಲ.

"ಅಣ್ಣಾ, ಇಲ್ಲೆಲ್ಲಾ ಬೆಸುಗೆ ಹಳೇದು, ಮಂಕಾಗ್ಯದೆ. ಇದೊಂದೇ ಹೊಳೀತದೆ. ಹಾಳಾದ್ದನ್ನ ಹೊಸಾ ಬೆಸುಗೆ ಹಾಕಿ ಯಾರ್ ಕೂರಿಸ್ತಾರೆ?" ಎಂದು ತಲೆ ಎತ್ತಿದಳು. "ನೀವ್ ಕಾರವಾರದವ್ರು, ಕೈಗಾಕ್ಕೆ ಹೋಗೂವವ್ರು, ಅಲ್ದಾ? ತೋಡೂರಿನವ್ಳು ಹೇಳಿದ್ಲು."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಅವಳು ಸಿಟ್ಟಾಗಲಿಲ್ಲ. "ಪರೀಕ್ಷೆ ಮಾಡೂಕೆ ಬಂದಾರೆ!" ಎಂದು ಗಂಡನ ಕಡೆ ತಿರುಗಿ ನಕ್ಕಳು. ಚಹಾ ಇಟ್ಟಳು. ಹಿಂದೆ ಅವಳ ಗಂಡ ಟಿವಿ, ವಿ.ಸಿ.ಆರ್.ಗಳನ್ನು ಸೈಕಲ್ ಮೇಲೆ ಕಟ್ಟಿಕೊಂಡು ಮನೆಮನೆಗೆ ಬಾಡಿಗೆಗೆ ಕೊಡುತ್ತಿದ್ದನಂತೆ. ಯಂತ್ರ ಕೆಟ್ಟರೆ ಶಾಕ್ ಹೊಡೆದೀತೆಂದು ಅವನು ಮುಟ್ಟುತ್ತಿರಲಿಲ್ಲ.

"ಅದ್ಕೆ ನಾನೇ ಬಿಚ್ಚೂಕೆ ಸುರು ಮಾಡ್ದೆ" ಅಂದಳು. "ಎರಡ್ ಸಲ ನಂಗೂ ಹೊಡೀತು."

ಆಮೇಲೆ ಒಳಗಿನಿಂದ ಅವಳು ಎತ್ತಿ ತಂದದ್ದನ್ನು ಕಂಡು ಚಹಾದ ಲೋಟ ಕೆಳಗಿಟ್ಟೆ. ಮೇಲಿನಿಂದ ಕ್ಯಾಸೆಟ್ಟು ಹಾಕುವ ಹಳೆಯ ಮಾದರಿ. ಗುಂಡಿ ಒತ್ತಿದರೆ ಮುಚ್ಚಳ ಮೆಲ್ಲಗೆ ಮೇಲೇಳುತ್ತದೆ. ಒಂಬತ್ತು ವರ್ಷದಿಂದ ಅದಕ್ಕಾಗಿ ನಾನು ಗೋವಾದವರೆಗೂ ಅಲೆದಿದ್ದೆ. ಇಲ್ಲಿ ಅದು ಅಕ್ಕಿ ಡಬ್ಬಿಯ ಪಕ್ಕದಲ್ಲಿತ್ತು.

"ಕೊಡ್ತೀಯಾ?" ಎಂದು ಕೇಳಿಯೇಬಿಟ್ಟೆ.

"ಇದ್ ಕೊಡೂದಿಲ್ಲ. ಇದ್ರಲ್ಲೇ ನಾ ಕಲ್ತದ್ದು. ಟೇಪ್ ಎಳಿಯೂ ರೋಲರ್ ಒಂದ್ ಹೋಗ್ಯದೆ, ರಬ್ಬರಿನದ್ದು. ನಿಮ್ಮತ್ರ ಅದೆಯಾ?"

ಇತ್ತು. ನನ್ನ ತಗಡಿನ ಡಬ್ಬಿಯಲ್ಲಿ ಅದೇ ಅಳತೆಯವು ಎರಡಿದ್ದವು. ಆ ಯಂತ್ರ ಎಂದಾದರೂ ಸಿಕ್ಕೀತೆಂದು ವರ್ಷಗಳಿಂದ ತೆಗೆದಿಟ್ಟವು. ಗೋಡೆ ನೋಡಿದೆ, ಚಹಾ ನೋಡಿದೆ. "ಇಲ್ಲ" ಅಂದೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ, ರೋಲರಿನ ವಿಷಯವೊಂದನ್ನು ಬಿಟ್ಟು. "ಪಾಪ, ನಿನ್ನ ಹಾಗೇ ಹುಚ್ಚಿನವಳು ಒಬ್ಬಳು ಸಿಕ್ಕಳಲ್ಲ" ಎಂದಳು. ಆ ಮಾತೂ ನನಗೆ ಹಿತವಾಗಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ಟೇಪು ಹಿಡಿದು ನನ್ನ ಬಳಿ ಬಂದವರು ಇಬ್ಬರೇ. ಅವರಲ್ಲಿ ಒಬ್ಬರು ಕೇಳಿದ್ದು ಮಂಜಗುಣಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು. ತಪ್ಪು ವೇಳೆ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಆದರೆ ಸರಿಯಾದದ್ದನ್ನೂ ಹೇಳಲಿಲ್ಲ, ಗೊತ್ತಿಲ್ಲ ಎಂದೆ.

ಮಳೆಗಾಲ ಮುಗಿಯುತ್ತಿದ್ದಂತೆ ಅವಳ ಫೋನು ಬಂತು. "ಆಯ್ತು ಅಣ್ಣಾ, ಬಂದ್ ನೋಡಿ."

ಹೋಗಬಾರದು ಎಂದುಕೊಂಡೇ ಹೋದೆ. ದೋಣಿ ಎಂಜಿನ್ನಿನ ಹಳೆಯ ರಬ್ಬರ್ ಬುಷ್ಷನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತ, ಮರಳು ಕಾಗದ ಹಿಡಿದು, ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಅವಳು ಹೊಸ ರೋಲರ್ ಮಾಡಿದ್ದಳು. ಟಿವಿಯಲ್ಲಿ ಚಿತ್ರ ಅಲುಗಾಡದೆ ನಿಂತಿತ್ತು. ತಪ್ಪು ಹುಡುಕಿದೆ, ಸಿಗಲಿಲ್ಲ. ಅವಳು ಕಾಗದದಲ್ಲಿ ಸುತ್ತಿದ್ದೊಂದನ್ನು ನನ್ನ ಕೈಗಿಟ್ಟಳು. ಇನ್ನೊಂದು ರೋಲರ್.

"ನಿಮ್ಮತ್ರ ಇಲ್ಲ ಹೇಳಿದ್ರಲ್ಲ. ಎರಡ್ ಮಾಡ್ದೆ."

ತಡೆಯಲಾಗಲಿಲ್ಲ. "ನನ್ನ ಹತ್ತಿರ ಇತ್ತು" ಅಂದೆ. "ಎರಡಿತ್ತು. ಇಲ್ಲ ಅಂತ ಸುಳ್ಳು ಹೇಳಿದೆ."

ಬಲೆ ಹೆಣೆಯುತ್ತಿದ್ದ ಗಂಡನ ಕೈ ನಿಂತಿತು. ಅವಳು ಮಾತ್ರ ಸ್ಕ್ರೂ ಬಿಗಿಯುತ್ತಲೇ ಇದ್ದಳು.

"ಗೊತ್ತಿತ್ತು. ಇಲ್ಲ ಅನ್ನೂಕೆ ರಾಶಿ ಹೊತ್ತು ತಕಂಡ್ರಿ ನೀವು. ಮೀನ್ ಪೇಟೇಲಿ ಕೂತವ್ಳಿಗೆ ಅಷ್ಟೂ ತಿಳಿಯೂದಿಲ್ವಾ?"

"ಮತ್ತೆ ಇದನ್ನ ಯಾಕೆ ಮಾಡಿದೆ?"

"ನಿಮ್ಮತ್ರ ಇದ್ದದ್ದು ಎಷ್ಟ್ ವರ್ಷದ್ದು? ರಬ್ಬರ್ ಅಲ್ದಾ, ಡಬ್ಬೀಲಿ ಇಟ್ರೂ ಕಲ್ಲಾಗ್ತದೆ. ಮನೆಗ್ ಹೋಗಿ ಉಗುರಿಂದ ಒತ್ತಿ ನೋಡಿ."

ಮನೆಗೆ ಬಂದು ಒತ್ತಿ ನೋಡಿದೆ. ಎರಡೂ ಗಾಜಿನಂತೆ ಹೊಳೆಯುತ್ತಿದ್ದವು, ಉಗುರು ನಾಟಲಿಲ್ಲ. ಅಂದು ಕೊಟ್ಟಿದ್ದರೂ ಪ್ರಯೋಜನವಿರಲಿಲ್ಲ. ಸಮಾಧಾನವಾಗಬೇಕಿತ್ತು. ಬದಲಿಗೆ, ನನ್ನ ಡಬ್ಬಿಯನ್ನು ಕಾಣದೆಯೇ ಅದರೊಳಗೇನಾಗಿದೆ ಎಂದು ತಿಳಿದಳಲ್ಲ ಎಂದು ಇನ್ನಷ್ಟು ಹೊಟ್ಟೆ ಉರಿಯಿತು.

ಅವಳಿಗೂ ಬಾರದ್ದು ಒಂದಿದೆ ಎಂದು ತಿಳಿದದ್ದು ಈ ವರ್ಷ. ಸರ್ಕ್ಯೂಟಿನ ನಕ್ಷೆ ಓದಲು ಅವಳಿಗೆ ಬರುತ್ತಿರಲಿಲ್ಲ. "ಕಲಿಸ್ತ್ರ್ಯಾ?" ಎಂದು ಫೋನಿನಲ್ಲಿ ಕೇಳಿದಾಗ ನನಗಾದ ಖುಷಿ ನಾಚಿಕೆ ಪಡುವಷ್ಟಿತ್ತು. ಅದೇ ಭಾನುವಾರ ನಕ್ಷೆಗಳ ಕಟ್ಟು ಹಿಡಿದು ಹೋದೆ. ಕೆಂಪು ಪೆನ್ನು, ನೀಲಿ ಪೆನ್ನು, ಮೇಷ್ಟರ ಗತ್ತು ಎಲ್ಲವನ್ನೂ ಒಯ್ದಿದ್ದೆ. ಅವಳು ಮೀನಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗುರುತುಗಳನ್ನೆಲ್ಲ ತನ್ನದೇ ರೀತಿಯಲ್ಲಿ ಬರೆದುಕೊಂಡಳು.

ಮೂರನೆಯ ಭಾನುವಾರ ಒಂದು ನಕ್ಷೆ ಹರಡಿ, ಧ್ವನಿ ಬಾರದಿರಲು ಕಾರಣ ಎಲ್ಲಿರಬಹುದೆಂದು ಇಬ್ಬರೂ ಹುಡುಕುತ್ತಿದ್ದೆವು. ನಾನು ಎಡಗಡೆಯಿಂದ ಶುರುಮಾಡಿದ್ದೆ. ಅವಳ ಬೆರಳು ಬಲಗಡೆ ಒಂದು ಕಡೆ ನಿಂತಿತು.

"ಇಲ್ಲಿ ಅಲ್ದಾ, ಅಣ್ಣಾ?"

ಅಲ್ಲೇ ಆಗಿತ್ತು. ಕನ್ನಡಕ ಒರೆಸಲು ಎತ್ತಿದ ಕೈಯನ್ನು ಇಳಿಸಿದೆ. ಹೌದು, ಇಲ್ಲೇ ಎಂದು ಹೇಳಿದೆ. ಈ ಸಲ ಹೇಳಲು ಹೆಚ್ಚು ಹೊತ್ತು ತೆಗೆದುಕೊಳ್ಳದ ಹಾಗೆ ನೋಡಿಕೊಂಡೆ.